ಸಿಲಬಸ್ ಪರಿಶೀಲನೆ ನಿಜಕ್ಕೂ ಯಾರ ಕೆಲಸ? ಬಿಓಎಸ್ (ಅಧ್ಯಯನ ಮಂಡಳಿ) ಬಗ್ಗೆ ಗೊತ್ತಿರುವವರು ಬನ್ನಿ

ಚಿಂತಾಮಣಿ ಎಕನಾಮಿಕ್ಸ್

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಅಧ್ಯಾಪಕರು ಇಲ್ಲಿ ಜಾಸ್ತಿ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

2021-22ರಲ್ಲಿ ಎನ್‌ಇಪಿ, ಅಂದರೆ ನಾಲ್ಕು ವರ್ಷದ ಪದವಿಯ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ದೇಶದಲ್ಲಿ ಮೊದಲು ಜಾರಿ ಮಾಡಿದ್ದು ನಮ್ಮ ರಾಜ್ಯವೇ. ಎಲ್ಲ ಸಿಲಬಸ್ ಹೊಸದಾಗಿ ಬರೆದರು. ಆಮೇಲೆ ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಆಯಿತು. ಸಿಲಬಸ್ ಮತ್ತೆ ಹೊಸದು. ಮೊದಲ ವರ್ಷದವರಿಗೆ ಒಂದು ಪಠ್ಯ, ಮೇಲಿನವರಿಗೆ ಇನ್ನೊಂದು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಎರಡನ್ನೂ ಪಾಠ ಮಾಡಿದೆವು.

ಯಾವ ನೀತಿ ಸರಿ ಅನ್ನುವುದು ನನ್ನ ಪ್ರಶ್ನೆ ಅಲ್ಲ, ಆ ಜಗಳ ಇಲ್ಲಿ ಬೇಡ. ಹಳೆಯ ಸಿಲಬಸ್ ಕ್ಲಾಸಿನಲ್ಲಿ ಹೇಗೆ ನಡೆಯಿತು ಅಂತ ಹೊಸದು ಬರೆಯುವ ಮೊದಲು ಪಾಠ ಮಾಡಿದವರನ್ನು ಯಾರಾದರೂ ಕೇಳಿದರಾ? ನನ್ನನ್ನಂತೂ ಕೇಳಲಿಲ್ಲ. 2024-25ರಲ್ಲಿ ಸೇರಿದ ಮಕ್ಕಳು 2027ರಲ್ಲಿ ಪದವಿ ಮುಗಿಸುತ್ತಾರೆ. ಅಷ್ಟರೊಳಗಾದರೂ ಕೇಳುವವರು ಬೇಕಲ್ಲ?

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಪೇಪರಿನಲ್ಲಿ ಕೃಷಿ ಮಾರುಕಟ್ಟೆಯ ಬಗ್ಗೆ ಒಂದು ಯೂನಿಟ್ ಇದೆ. ನಿಯಂತ್ರಿತ ಮಾರುಕಟ್ಟೆ, ಸಹಕಾರಿ ಮಾರಾಟ, ಬೆಂಬಲ ಬೆಲೆ, ಹೀಗೆ. ಕ್ಲಾಸಿನಲ್ಲಿರುವ ಎಷ್ಟೋ ಮಕ್ಕಳ ಮನೆಯವರು ಮಂಡಿಗೆ ಟೊಮೆಟೊ ಹಾಕುತ್ತಾರೆ. 15 ಕೆಜಿ ಬಾಕ್ಸ್ ಹೇಗೆ ಹರಾಜಾಗುತ್ತದೆ, ಲಾರಿ ಬಾಡಿಗೆ ಎಷ್ಟು, ಕಮಿಷನ್ ಯಾರ ತಲೆಗೆ ಬೀಳುತ್ತದೆ, ಎಲ್ಲ ಅವರಿಗೆ ಗೊತ್ತು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಅದೇ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿದದ್ದನ್ನೂ ಈ ಮಕ್ಕಳು ನೋಡಿದ್ದಾರೆ. ಬೇಗ ಕೊಳೆಯುವ ಬೆಳೆಯ ಬೆಲೆ ಯಾಕೆ ಹೀಗೆ ಏರಿಳಿಯುತ್ತದೆ ಅನ್ನುವುದು ಮಾತ್ರ ಆ ಯೂನಿಟ್‌ನಲ್ಲಿ ಇಲ್ಲ. ನಾನು ಹೇಳುತ್ತೇನೆ, ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಪರೀಕ್ಷೆಗೆ ಅದು ಬರುವುದಿಲ್ಲ. ಇದನ್ನು ಸೇರಿಸಿ ಅಂತ ನಾನು ಯಾರಿಗೆ ಹೇಳಬೇಕು? ಹೇಳಿದ ಮಾತು ಮುಂದೆ ಎಲ್ಲಿಗೆ ಹೋಗುತ್ತದೆ?

ತುಮಕೂರು ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಮ್ಮ ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳು ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ. 2004ರಲ್ಲಿ ಬೆಂಗಳೂರು ವಿವಿಯಿಂದ ಬೇರೆಯಾದ ತುಮಕೂರು ವಿವಿ, 2017ರಲ್ಲಿ ಬೇರೆಯಾದ ಕೋಲಾರದ ಬೆಂಗಳೂರು ಉತ್ತರ ವಿವಿ, ಎರಡಕ್ಕೂ ಅದೇ ಕಾಯ್ದೆ. ಒಂದೊಂದು ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇರುತ್ತದೆ. ನಾವೆಲ್ಲ ಬಿಓಎಸ್ ಅನ್ನುವುದು ಅದನ್ನೇ. ಯುಜಿಗೆ ಬೇರೆ, ಪಿಜಿಗೆ ಬೇರೆ. ಒಬ್ಬರು ಅಧ್ಯಕ್ಷರು, ಕಾಲೇಜುಗಳ ಕೆಲವು ಅಧ್ಯಾಪಕರು, ಹೊರಗಿನ ವಿಶ್ವವಿದ್ಯಾಲಯದ ಒಬ್ಬಿಬ್ಬರು. ಸಿಲಬಸ್ಸಿನ ಕರಡು ಹುಟ್ಟುವುದು ಅಲ್ಲಿ. ಪರೀಕ್ಷಕರ ಪಟ್ಟಿಯೂ ಅಲ್ಲೇ ಆಗುತ್ತದೆ. ಬಿಓಎಸ್ ಒಪ್ಪಿದ್ದು ನಿಕಾಯಕ್ಕೆ, ಅಂದರೆ ಫ್ಯಾಕಲ್ಟಿಗೆ ಹೋಗುತ್ತದೆ, ಅಲ್ಲಿ ಡೀನ್ ಇರುತ್ತಾರೆ. ಆಮೇಲೆ ವಿದ್ಯಾವಿಷಯಕ ಪರಿಷತ್ತು, ಅಂದರೆ ಅಕಾಡೆಮಿಕ್ ಕೌನ್ಸಿಲ್. ಅದರ ಅಧ್ಯಕ್ಷರು ಕುಲಪತಿಗಳು. ಅಲ್ಲಿ ಪಾಸಾದರೆ ಸಿಲಬಸ್ ಅಧಿಕೃತ. ದುಡ್ಡು, ಹುದ್ದೆ, ಕಟ್ಟಡದ ಮಾತು ಬಂದರೆ ಸಿಂಡಿಕೇಟ್.

ಈ ಏಣಿಯ ಪ್ರತಿ ಮೆಟ್ಟಿಲಲ್ಲೂ ಕೂರುವವರು ಹೆಚ್ಚಾಗಿ ಅಧ್ಯಾಪಕರೇ. ಸಿಲಬಸ್ ನೋಡಿಕೊಳ್ಳುವ ಅಧಿಕಾರವನ್ನು ಕಾನೂನು ನಮಗೇ ಕೊಟ್ಟಿದೆ. ಇದನ್ನು ನಮ್ಮಲ್ಲಿ ಎಷ್ಟೋ ಜನ ಮರೆತಿದ್ದೇವೆ.

ತೊಂದರೆ ಇರುವುದು ಸಭೆ ನಡೆಯುವ ರೀತಿಯಲ್ಲಿ. ನಾನು ಕೆಲವು ಕಡೆ ಹೊರಗಿನ ಸದಸ್ಯನಾಗಿ ಹೋಗಿದ್ದೇನೆ, ಯಾವ ವಿವಿ ಅಂತ ಹೇಳುವುದು ಬೇಡ. ಹನ್ನೊಂದಕ್ಕೆ ಸಭೆ. ಟೇಬಲ್ ಮೇಲೆ ಜೆರಾಕ್ಸ್ ಪ್ರತಿ, ಸ್ಪೈರಲ್ ಬೈಂಡಿಂಗ್ ಹಾಕಿದ್ದು. ಹಿಂದಿನ ದಿನ ಕಳಿಸಿದ್ದರೆ ಪುಣ್ಯ. ಬೆಳಗಿನ ಹೊತ್ತೆಲ್ಲ ಕ್ರೆಡಿಟ್ ಲೆಕ್ಕಕ್ಕೆ ಹೋಗುತ್ತದೆ. ವಾರಕ್ಕೆ ಒಂದು ಗಂಟೆ ಪಾಠ ಅಂದರೆ 1 ಕ್ರೆಡಿಟ್, ಎರಡು ಗಂಟೆ ಪ್ರಾಕ್ಟಿಕಲ್ ಅಂದರೆ 1 ಕ್ರೆಡಿಟ್. 4 ಕ್ರೆಡಿಟ್ ಪೇಪರಿಗೆ 15 ವಾರ ಹಿಡಿದರೆ 60 ಗಂಟೆ. ಎಲ್ಲ ಪೇಪರೂ ಆ ಚೌಕಟ್ಟಿಗೆ ಕೂರಬೇಕು. ಕೂರಿಸುತ್ತಾ ಕೂರಿಸುತ್ತಾ ಊಟದ ಹೊತ್ತಾಗುತ್ತದೆ. ಯೂನಿಟ್ ಒಳಗೆ ಏನಿದೆ ಅನ್ನುವ ಮಾತು ಶುರುವಾಗುವುದು ಊಟ ಆದ ಮೇಲೆ. ಆಗ ದೂರದಿಂದ ಬಂದವರು ಬಸ್ಸಿನ ಟೈಮ್ ನೋಡುತ್ತಿರುತ್ತಾರೆ. ಸಂಜೆ ನಡಾವಳಿಗೆ ಎಲ್ಲರ ಸಹಿ ಬೀಳುತ್ತದೆ.

ಆ ಸಭೆಗೆ ಬಂದ ಯಾರನ್ನೂ ನಾನು ಸೋಮಾರಿ ಅನ್ನಲಾರೆ. ಒಂದೇ ದಿನದಲ್ಲಿ ಮೂರು ವರ್ಷದ ಪಠ್ಯ ನೋಡಿ ಅಂದರೆ ಯಾರಿಗೂ ಆಗುವುದಿಲ್ಲ. ಓದಿ, ಗುರುತು ಹಾಕಿ, ಜಗಳ ಆಡುವ ಕೆಲಸ ಸಭೆಗೆ ಮೊದಲೇ ವಿಭಾಗಗಳಲ್ಲಿ ಆಗಿರಬೇಕು.

ಮಾಲೂರು ಕಾಮರ್ಸ್

ಮೇಷ್ಟ್ರೇ, ಕಾಯ್ದೆ ಅಧಿಕಾರ ಕೊಟ್ಟಿದೆ ಅಂತೀರಿ. ಎನ್‌ಇಪಿ ಬಂದಾಗ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನಿಂದ ಮಾದರಿ ಪಠ್ಯಕ್ರಮ ಬಂತು. ಬಿಓಎಸ್‌ಗಳು ಹೆಚ್ಚಿನದನ್ನು ಅದರಂತೆಯೇ ಒಪ್ಪಿಕೊಂಡವು. ಎಷ್ಟು ಪೇಪರ್, ಎಷ್ಟು ಕ್ರೆಡಿಟ್ ಅನ್ನುವುದು ಮೇಲಿನಿಂದಲೇ ನಿಗದಿಯಾಗಿ ಬರುತ್ತದೆ. ಹಾಗಿದ್ದ ಮೇಲೆ ನಾವು ಕೂತು ಏನು ಪರಿಶೀಲಿಸಬೇಕು?

ಇನ್ನೊಂದು ವಿಷಯ. ನಮ್ಮ ವಿಷಯದಲ್ಲಿ ಕಾನೂನೇ ಬದಲಾಗುತ್ತಿರುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅಲ್ಲಿಯವರೆಗೆ ವ್ಯಾಟ್, ಸೇವಾ ತೆರಿಗೆ ಅಂತ ಹೇಳಿಕೊಟ್ಟದ್ದೆಲ್ಲ ಒಂದೇ ದಿನಕ್ಕೆ ಹಳತಾಯಿತು. ಈಗ ಆದಾಯ ತೆರಿಗೆಯ ಸರದಿ. 1961ರ ಕಾಯ್ದೆ ಹೋಗಿ 2025ರ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ನಂಬರ್‌ಗಳೆಲ್ಲ ಬದಲು. ಪ್ರೀವಿಯಸ್ ಇಯರ್ (ಆದಾಯ ಬಂದ ವರ್ಷ), ಅಸೆಸ್‌ಮೆಂಟ್ ಇಯರ್ (ಅದರ ತೆರಿಗೆ ಲೆಕ್ಕ ಹಾಕುವ ವರ್ಷ) ಅನ್ನುವ ಜೋಡಿಯೇ ಇಲ್ಲ, ಬರೀ ಟ್ಯಾಕ್ಸ್ ಇಯರ್. ಬಿಕಾಂ ಇನ್‌ಕಂ ಟ್ಯಾಕ್ಸ್ ಪೇಪರಿನ ಮೊದಲ ಯೂನಿಟ್ ನಿಂತಿರುವುದೇ ಆ ಜೋಡಿಯ ಮೇಲೆ. ಬಿಓಎಸ್ ಸೇರಿ, ನಿಕಾಯಕ್ಕೆ ಹೋಗಿ, ಕೌನ್ಸಿಲ್ ಮುಗಿಸಿ ಬರುವಷ್ಟರಲ್ಲಿ ಒಂದು ಬ್ಯಾಚು ಹಳೆಯ ಕಾಯ್ದೆ ಓದಿ ಹೊರಗೆ ಹೋಗಿರುತ್ತದೆ.

ಪಾವಗಡ ಕೆಮಿಸ್ಟ್ರಿ

ಮಾಲೂರು ಸರ್, ಮೇಲಿನಿಂದ ಬರುವುದು ಚೌಕಟ್ಟು ಮಾತ್ರ ಅಂತ ನನ್ನ ಅನುಭವ. ಒಳಗೆ ಜಾಗ ಇದೆ.

ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಇಡಿಟಿಎ ಟೈಟ್ರೇಷನ್ ಇದೆ, ನೀರಿನ ಗಡಸುತನ ಅಳೆಯುವುದು. ಎಲ್ಲ ಕಡೆ ಏನು ಮಾಡುತ್ತಾರೆ? ಲ್ಯಾಬ್ ಅಟೆಂಡರ್ ಬಟ್ಟಿ ಇಳಿಸಿದ ನೀರಿಗೆ ಗಡಸುತನ ಬರಿಸುವ ಲವಣ ಹಾಕಿ ಸ್ಯಾಂಪಲ್ ತಯಾರು ಮಾಡುತ್ತಾರೆ. ಉತ್ತರ ಎಲ್ಲರಿಗೂ ಒಂದೇ. ಹಿಂದಿನ ಬೆಂಚಿನ ಹುಡುಗ ಮುಂದಿನ ಬೆಂಚಿನ ರೀಡಿಂಗ್ ಬರೆದುಕೊಂಡರೂ ಗೊತ್ತಾಗುವುದಿಲ್ಲ. ಆದರೆ ಸಿಲಬಸ್‌ನಲ್ಲಿ ಯಾವ ನೀರು ಅಂತ ಬರೆದಿಲ್ಲ. ವಿಭಾಗದ ಸಭೆಯಲ್ಲಿ ಮಾತಾಡಿ, ಮಕ್ಕಳು ಅವರವರ ಊರಿನ ಬೋರ್‌ವೆಲ್ ನೀರನ್ನೇ ಬಾಟಲಿಯಲ್ಲಿ ತರಲಿ ಅಂತ ತೀರ್ಮಾನ ಮಾಡಿದೆವು. ಬಫರ್ ಹಾಕಿ ಎರಿಯೋಕ್ರೋಮ್ ಬ್ಲಾಕ್ ಟಿ ಅನ್ನುವ ಬಣ್ಣದ ಸೂಚಕ ಎರಡು ಹನಿ ಬಿಟ್ಟರೆ ದ್ರಾಕ್ಷಿ ಕೆಂಪು. ಬ್ಯೂರೆಟ್‌ನಿಂದ ಇಡಿಟಿಎ ಇಳಿಯುತ್ತಾ ಇಳಿಯುತ್ತಾ ನೀಲಿ. ನಮ್ಮ ಕಡೆಯ ನೀರಿಗೆ ಆ ನೀಲಿ ಬೇಗ ಬರುವುದಿಲ್ಲ. ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 600ರ ತನಕ ಆಗಬಹುದು ಅಂತ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳುತ್ತದೆ. ತಮ್ಮ ಮನೆಯ ನೀರು ಎಲ್ಲಿ ನಿಲ್ಲುತ್ತದೆ ಅಂತ ಮಕ್ಕಳು ಅವತ್ತು ತಾವೇ ಲೆಕ್ಕ ಹಾಕಿದರು. ಒಬ್ಬಳು ಮಾರನೆಯ ದಿನ ಪಕ್ಕದ ಮನೆಯ ನೀರನ್ನೂ ತಂದಳು. ಇದಕ್ಕೆ ಬಿಓಎಸ್ ಬೇಕಾಗಲಿಲ್ಲ.

ಬೇಕಾದದ್ದು ಫ್ಲೋರೈಡ್‌ಗೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಹಲ್ಲಿನ ಕಲೆ, ಗಂಟು ನೋವು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದನ್ನು ಅಳೆಯುವುದನ್ನು ಪ್ರಾಕ್ಟಿಕಲ್ ಪಟ್ಟಿಗೆ ಸೇರಿಸಿ ಅಂತ ವಿಭಾಗದಿಂದ ಬರೆದೆವು. ಸುಮ್ನೆ ಪತ್ರ ಅಲ್ಲ. ವಿಧಾನ, ಬೇಕಾದ ರಾಸಾಯನಿಕ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲ ಬರೆದು ಪ್ರಿನ್ಸಿಪಾಲರ ಮೂಲಕ ಕಳಿಸಿದೆವು. ಬಿಓಎಸ್ ಸದಸ್ಯರೊಬ್ಬರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಕಲರಿಮೀಟರ್ ಎಲ್ಲ ಕಾಲೇಜಿನಲ್ಲೂ ಇದೆಯಾ?" ನಮ್ಮ ವಿಧಾನಕ್ಕೆ ಬೇಕಾದ, ದ್ರಾವಣದ ಬಣ್ಣ ಅಳೆಯುವ ಉಪಕರಣ ಅದು. ನ್ಯಾಯವಾದ ಪ್ರಶ್ನೆ. ನಮ್ಮ ಲ್ಯಾಬ್ ನೋಡಿ ನಾವು ಬರೆದೆವು, ಅವರು ಎಲ್ಲರ ಲ್ಯಾಬ್ ನೋಡಬೇಕು. ಕೊನೆಗೆ ಎರಡು ಪ್ರಯೋಗಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಅಂತ ಸೇರಿತು. ನನಗೆ ತುಂಬಾ ಖುಷಿಯಾಯಿತು.

ಮಧುಗಿರಿ ಅತಿಥಿ

ಮೇಡಂ, ಓದಿ ಸಂತೋಷವಾಯಿತು. ಆದರೆ ವಿಭಾಗದ ಸಭೆ ಅಂದಿರಲ್ಲ, ಅದರ ಬಗ್ಗೆ ಒಂದು ಮಾತು.

ನಾನು ಅತಿಥಿ ಉಪನ್ಯಾಸಕಿ, ಇತಿಹಾಸ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ನಮ್ಮಂಥವರು ಸಾವಿರಾರು ಜನ ಇದ್ದೇವೆ. ಎಷ್ಟೋ ವಿಭಾಗಗಳಲ್ಲಿ ಕಾಯಂ ಅಧ್ಯಾಪಕರು ಒಬ್ಬರು, ಉಳಿದ ಪಾಠವೆಲ್ಲ ನಮ್ಮದು. ಸಿಲಬಸ್ ಎಲ್ಲಿ ಉದ್ದವಾಯಿತು, ಎಲ್ಲಿ ಮಕ್ಕಳಿಗೆ ಅರ್ಥವಾಗಲಿಲ್ಲ ಅನ್ನುವುದು ನಮಗೆ ಗೊತ್ತು. ವರ್ಷದ ಲೆಕ್ಕ ನೋಡುವ ಸಭೆ ನಡೆಯುವುದು ಸೆಮಿಸ್ಟರ್ ಮುಗಿದ ಮೇಲೆ. ಆಗ ನಾವು ಕೆಲಸದಲ್ಲೇ ಇರುವುದಿಲ್ಲ. ಮುಂದಿನ ಸೆಮಿಸ್ಟರಿಗೆ ಅದೇ ಕಾಲೇಜು ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಹೇಳಬೇಕಾದ್ದೆಲ್ಲ ನಮ್ಮ ಜೊತೆಗೇ ಹೋಗಿಬಿಡುತ್ತದೆ.

ಇನ್ನೊಂದು, ಪುಸ್ತಕಗಳದ್ದು. ನನ್ನ ಮಕ್ಕಳು ಕನ್ನಡ ಮಾಧ್ಯಮದವರು, ಪರೀಕ್ಷೆ ಬರೆಯುವುದೂ ಕನ್ನಡದಲ್ಲಿ. ಸಿಲಬಸ್ಸಿನ ಕೊನೆಯಲ್ಲಿ ಪರಾಮರ್ಶನ ಗ್ರಂಥ ಅಂತ ಪಟ್ಟಿ ಇರುತ್ತದೆ. ಅದರಲ್ಲಿ ಹೆಚ್ಚಿನವು ಇಂಗ್ಲಿಷ್. ಇರುವ ಒಂದೆರಡು ಕನ್ನಡ ಪುಸ್ತಕ ಅಚ್ಚಿನಲ್ಲಿಲ್ಲ. ಕೊನೆಗೆ ಮಕ್ಕಳು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಗೈಡ್ ತರುತ್ತಾರೆ. ಅವರದ್ದೇನು ತಪ್ಪು? ಕಾಲೇಜಿನ ಲೈಬ್ರರಿಗೆ ಹೋಗಿ ಆ ಪಟ್ಟಿಯಲ್ಲಿ ಎಷ್ಟು ಪುಸ್ತಕ ಕಪಾಟಿನಲ್ಲಿದೆ ಅಂತ ಯಾರಾದರೂ ನೋಡಿದರೆ ಸಾಕು, ಅರ್ಧ ಪರಿಶೀಲನೆ ಆಗಿಹೋಗುತ್ತದೆ.

ಚಿಂತಾಮಣಿ ಎಕನಾಮಿಕ್ಸ್

ಮಧುಗಿರಿ ಮೇಡಂ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ನಮ್ಮಲ್ಲೂ ಹಾಗೇ. ಸೆಮಿಸ್ಟರಿನ ಕೊನೆಯ ಪಾಠದ ವಾರದಲ್ಲೇ ಸಭೆ ಕರೆದರೆ ಆಗುತ್ತದೆ ಅಲ್ವಾ? ನೀವೆಲ್ಲ ಇನ್ನೂ ಇರುತ್ತೀರಿ, ನೆನಪೂ ಹಸಿಯಾಗಿರುತ್ತದೆ. ಇದಕ್ಕೆ ಯಾರ ಆದೇಶವೂ ಬೇಡ, ವಿಭಾಗದ ಮುಖ್ಯಸ್ಥರು (ಎಚ್‌ಓಡಿ) ಮನಸ್ಸು ಮಾಡಿದರೆ ಸಾಕು.

ತುಮಕೂರು ಇಂಜಿನಿಯರಿಂಗ್

ತನ್ನ ಸಿಲಬಸ್ ತಾನೇ ಬರೆದುಕೊಳ್ಳುವ ಸ್ವಾಯತ್ತ ಕಾಲೇಜಿನಲ್ಲಿ ಹೇಗೆ ಅಂತ ಹೇಳುತ್ತೇನೆ, ಹೋಲಿಸಿ ನೋಡಲು ಅನುಕೂಲ. ಯುಜಿಸಿ ನಿಯಮದ ಪ್ರಕಾರ ಅಲ್ಲಿ ಬಿಓಎಸ್ ಇರುವುದು ಕಾಲೇಜಿನ ವಿಭಾಗದಲ್ಲೇ. ಎಚ್‌ಓಡಿ ಅಧ್ಯಕ್ಷರು, ವಿಭಾಗದ ಅಧ್ಯಾಪಕರು ಸದಸ್ಯರು. ಹೊರಗಿನ ವಿಷಯ ತಜ್ಞರು ಇಬ್ಬರನ್ನು ಕಾಲೇಜಿನ ಅಕಾಡೆಮಿಕ್ ಕೌನ್ಸಿಲ್ ಹೆಸರಿಸುತ್ತದೆ, ಒಬ್ಬರನ್ನು ಕುಲಪತಿಗಳು ನೇಮಿಸುತ್ತಾರೆ. ಕೈಗಾರಿಕೆಯಿಂದ ಒಬ್ಬರು, ಹಳೆಯ ವಿದ್ಯಾರ್ಥಿ ಒಬ್ಬರು.

ಪಾಠ ಮಾಡುವವರೇ ಮೇಜಿನ ಸುತ್ತ ಇರುವುದರಿಂದ ಕೆಲಸ ಬೇಗ ಆಗುತ್ತದೆ. ಮಾಲೂರು ಸರ್ ಹೇಳಿದ ತೆರಿಗೆ ಕಾಯ್ದೆಯಂಥದ್ದು ಒಂದೇ ಸೆಮಿಸ್ಟರಿನಲ್ಲಿ ಸರಿಹೋಗುತ್ತದೆ. ಆದರೆ ಇದರಲ್ಲಿ ಅಪಾಯವೂ ಇದೆ. ಸಿಲಬಸ್ ಬರೆದವರು, ಪಾಠ ಮಾಡಿದವರು, ಪ್ರಶ್ನೆಪತ್ರಿಕೆ ತೆಗೆದವರು ಎಲ್ಲ ಹತ್ತಿರಹತ್ತಿರ ಒಂದೇ ಗುಂಪು. ತಮ್ಮ ಪೇಪರ್ ತಾವೇ ತೆಗೆದುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಹೊರಗಿನ ಸದಸ್ಯರು ಗಟ್ಟಿಯಾಗಿ ಮಾತಾಡಿದರೆ ಮಾತ್ರ ವ್ಯವಸ್ಥೆ ನೆಟ್ಟಗಿರುತ್ತದೆ. ನಮ್ಮಲ್ಲಿ ಕಂಪನಿಯಿಂದ ಬಂದವರೊಬ್ಬರು ಒಂದು ಲ್ಯಾಬ್ ಪಟ್ಟಿಯನ್ನು ಸಾಲುಸಾಲಾಗಿ ಓದಿ, "ಇದನ್ನು ಈಗ ಯಾರೂ ಹೀಗೆ ಮಾಡುವುದಿಲ್ಲ" ಅಂತ ಅಲ್ಲೇ ಹೇಳಿದರು. ಎಲ್ಲರಿಗೂ ಮುಜುಗರವಾಯಿತು. ಪಟ್ಟಿ ಬದಲಾಯಿತು.

ಶಿಡ್ಲಘಟ್ಟ ಬಿಕಾಂ

ನಾನು ಅಧ್ಯಾಪಕಿ ಅಲ್ಲ, ಹಳೆಯ ವಿದ್ಯಾರ್ಥಿನಿ. ಮಾತಾಡಬಹುದು ಅಂದುಕೊಂಡು ಬರೆಯುತ್ತಿದ್ದೇನೆ. ಕೊನೆಯ ಸೆಮಿಸ್ಟರಿನಲ್ಲಿ ಹಾಲ್ ಟಿಕೆಟ್ ಕೊಡುವ ದಿನ ನಮಗೆ ಫೀಡ್‌ಬ್ಯಾಕ್ ಫಾರಂ ಕೊಟ್ಟರು. ಸಿಲಬಸ್ ಚೆನ್ನಾಗಿದೆಯಾ, 1ರಿಂದ 5ರಲ್ಲಿ ಟಿಕ್ ಹಾಕಿ. ಎಲ್ಲರೂ 4 ಹಾಕಿದೆವು. ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್‌ಗೆ ಬೇಕು ಅಂದರು. ಈಗ ನರಸಾಪುರದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ, ಅಪ್ಪನ ಲೆಕ್ಕವನ್ನೂ ನಾನೇ ಬರೆಯುತ್ತೇನೆ. ಯಾವ ಪೇಪರ್ ಉಪಯೋಗಕ್ಕೆ ಬಂತು, ಯಾವುದನ್ನು ಕೆಲಸಕ್ಕೆ ಸೇರಿದ ಮೇಲೆ ಹೊಸದಾಗಿ ಕಲಿಯಬೇಕಾಯಿತು ಅಂತ ಈಗ ಕೇಳಿದರೆ ನಿಜವಾಗಿ ಹೇಳಬಲ್ಲೆ. ಕಾಸ್ಟ್ ಅಕೌಂಟಿಂಗ್ ತುಂಬಾ ಉಪಯೋಗಕ್ಕೆ ಬಂತು. ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದನ್ನು ಪುಸ್ತಕದಲ್ಲಿ ಕಲಿತಿದ್ದೆವು, ಕಂಪ್ಯೂಟರಿನಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಆದರೆ ಪಾಸಾದ ಮೇಲೆ ಯಾರೂ ಕೇಳಲಿಲ್ಲ.

ತುಮಕೂರು ನಿವೃತ್ತ ಮೇಷ್ಟ್ರು

ಮಗು, ನೀನು ಬರೆದದ್ದು ಒಳ್ಳೆಯದಾಯಿತು. ಈ ಎರಡು ಸಾಲು ಯಾವ ಟಿಕ್ ಮಾರ್ಕಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತವೆ. ನ್ಯಾಕ್‌ನ ಮೊದಲ ಮಾನದಂಡವೇ ಪಠ್ಯಕ್ರಮದ್ದು. ವಿದ್ಯಾರ್ಥಿಗಳು, ಅಧ್ಯಾಪಕರು, ಉದ್ಯೋಗದಾತರು, ಹಳೆಯ ವಿದ್ಯಾರ್ಥಿಗಳು ಎಲ್ಲರ ಅಭಿಪ್ರಾಯ ತೆಗೆದುಕೊಳ್ಳಿ, ಅದರ ಮೇಲೆ ಏನು ಕ್ರಮ ಆಯಿತು ಅಂತಲೂ ತೋರಿಸಿ ಅನ್ನುತ್ತದೆ. ಕೇಳಿದ್ದು ಸರಿಯಾಗಿಯೇ ಇದೆ. ನಾವು ಫಾರಂ ತುಂಬಿಸಿ ಕೈ ತೊಳೆದುಕೊಳ್ಳುತ್ತೇವೆ.

ಈಗ ಒಂದು ಮುಖ್ಯ ವಿಷಯ. ಸಿಲಬಸ್ ಹೇಗೆ ನಡೆಯಿತು ಅನ್ನುವುದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ವ್ಯಾಲ್ಯುಯೇಷನ್ ಕೇಂದ್ರದಲ್ಲಿ. ಎಲ್ಲ ಕಾಲೇಜಿನ ಅಧ್ಯಾಪಕರೂ ಒಂದೇ ಹಾಲ್‌ನಲ್ಲಿ ಕೂತು, ಎಲ್ಲ ಕಾಲೇಜಿನ ಉತ್ತರ ಪತ್ರಿಕೆ ನೋಡುತ್ತಾರೆ. ಒಂದು ಬಂಡಲ್ ಮುಗಿಸುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ನಾಲ್ಕನೇ ಯೂನಿಟ್‌ನ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಒಂದು ಪ್ರಶ್ನೆಗೆ ಎಲ್ಲರೂ ಅದೇ ಗೈಡಿನ ಅದೇ ಪ್ಯಾರಾ ಬರೆದಿದ್ದಾರೆ. ಇನ್ನೊಂದನ್ನು ಬುದ್ಧಿವಂತ ಮಕ್ಕಳೂ ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ. ಟೀ ಹೊತ್ತಿನಲ್ಲಿ ಎಲ್ಲರೂ ಇದೇ ಮಾತಾಡುತ್ತೇವೆ. ನಾಲ್ಕನೇ ಯೂನಿಟ್ ಬಿಟ್ಟುಹೋಗುವುದು ಅದು ಕಷ್ಟ ಅಂತಲೋ, ಸೆಮಿಸ್ಟರಿಗೆ 15 ವಾರ ಸಿಗದೆ ಅಲ್ಲಿಗೆ ತಲುಪಲೇ ಇಲ್ಲವೋ, ಅದೂ ಅಲ್ಲೇ ಬಗೆಹರಿಯುತ್ತದೆ. ಮಾರ್ಕ್ಸ್ ಹಾಕಿ, ಬಿಲ್ಲಿಗೆ ಸಹಿ ಮಾಡಿ ಊರಿಗೆ ಹೋದ ಮೇಲೆ ಆ ಮಾತೆಲ್ಲ ಗಾಳಿಗೆ ಹೋಗುತ್ತದೆ. ಕೇಂದ್ರದ ಮುಖ್ಯಸ್ಥರು ಕೊನೆಯ ದಿನ ಒಂದು ಗಂಟೆ ಕೂರಿಸಿ, ಪೇಪರಿಗೊಂದು ಹಾಳೆ ಬರೆಸಿಕೊಂಡು ಬಿಓಎಸ್ ಅಧ್ಯಕ್ಷರಿಗೆ ಕಳಿಸಬೇಕು. ಬಿಓಇಗೂ (ಪರೀಕ್ಷಾ ಮಂಡಳಿಗೂ) ಒಂದು ಪ್ರತಿ ಹೋಗಲಿ, ಪ್ರಶ್ನೆಪತ್ರಿಕೆ ತೆಗೆಯುವವರು ಅವರೇ. ನಾನು ಸೇವೆಯಲ್ಲಿದ್ದಾಗ ಇದಕ್ಕಾಗಿ ತುಂಬಾ ಹೇಳಿದ್ದೇನೆ. ಈಗಲೂ ಹೇಳುತ್ತೇನೆ.

ಮಾಲೂರು ಕಾಮರ್ಸ್

ವ್ಯಾಲ್ಯುಯೇಷನ್ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಹಾಳೆ ಕಳಿಸಿದ ಮೇಲೆ? ಫೈಲಿಗೆ ಹೋಗುತ್ತದೆ, ಅಷ್ಟೇ. ಬಿಓಎಸ್ ಅಧ್ಯಕ್ಷರು ಬದಲಾದರೆ ಆ ಫೈಲು ಎಲ್ಲಿದೆ ಅಂತಲೂ ಗೊತ್ತಾಗುವುದಿಲ್ಲ.

ಚಿಂತಾಮಣಿ ಎಕನಾಮಿಕ್ಸ್

ಮಾಲೂರು ಸರ್, ಅದಕ್ಕೇ ಅದು ಅಜೆಂಡಾದಲ್ಲಿ ಬರಬೇಕು. ಬಿಓಎಸ್ ಸಭೆಯ ಮೊದಲ ವಿಷಯವೇ ಕಳೆದ ವರ್ಷ ಕಾಲೇಜುಗಳಿಂದ ಬಂದ ಸಲಹೆಗಳು ಅಂತ ಇರಲಿ. ಒಪ್ಪಿದರೆ ಒಪ್ಪಿದೆವು, ಬಿಟ್ಟರೆ ಯಾಕೆ ಬಿಟ್ಟೆವು ಅಂತ ನಡಾವಳಿಯಲ್ಲಿ ಒಂದು ಸಾಲು ಬರಲಿ. ಪಾವಗಡ ಮೇಡಂ ಅವರಿಗೆ ಕಲರಿಮೀಟರ್ ಪ್ರಶ್ನೆ ಬಂದಿತ್ತಲ್ಲ, ಅಂಥ ಕಾರಣ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಉತ್ತರವೇ ಬರದಿದ್ದಾಗ ಮುಂದಿನ ಸಲ ಬರೆಯುವ ಮನಸ್ಸು ಹೋಗುತ್ತದೆ. ನಿಮ್ಮ ತೆರಿಗೆ ಪೇಪರಿನಂಥದ್ದಕ್ಕೆ ಪೂರ್ತಿ ಪರಿಷ್ಕರಣೆ ಕಾಯಬೇಕಾಗಿಲ್ಲ. ಚಾಲ್ತಿಯಲ್ಲಿರುವ ಕಾಯ್ದೆಯ ಪ್ರಕಾರ ಅಂತ ಸಿಲಬಸ್‌ನಲ್ಲಿ ಮೊದಲೇ ಬರೆದಿಟ್ಟರೆ ಸೆಕ್ಷನ್ ಬದಲಾದರೂ ಪೇಪರ್ ನಿಲ್ಲುತ್ತದೆ.

ನಾನು ಈ ಸೆಮಿಸ್ಟರಿನಿಂದ ಶುರು ಮಾಡುತ್ತೇನೆ. ನನ್ನ ಪೇಪರಿಗೆ ನಿಜವಾಗಿ ಎಷ್ಟು ಗಂಟೆ ಸಿಕ್ಕಿತು, ಯಾವ ಯೂನಿಟ್ ಅವಸರದಲ್ಲಿ ಮುಗಿಸಿದೆ, ಪಟ್ಟಿಯ ಯಾವ ಪುಸ್ತಕ ಲೈಬ್ರರಿಯಲ್ಲಿದೆ, ಟೊಮೆಟೊ ಬೆಲೆಯ ಪಾಠಕ್ಕೆ ಜಾಗ ಮಾಡಲು ಏನನ್ನು ಬಿಡಬಹುದು, ಇಷ್ಟನ್ನು ಬರೆಯುತ್ತೇನೆ. ಬಿಡುವುದನ್ನು ಹೇಳದೆ ಬರೀ ಸೇರಿಸಿ ಅಂದರೆ 60 ಗಂಟೆ ಎಲ್ಲಿಂದ ಬರುತ್ತದೆ? ಜೊತೆಗಿರುವ ಅತಿಥಿ ಉಪನ್ಯಾಸಕರ ಹೆಸರೂ ಸಹಿಯೂ ಆ ಹಾಳೆಯಲ್ಲಿ ಇರುತ್ತದೆ.

ಪಾವಗಡ ಕೆಮಿಸ್ಟ್ರಿ

ನಿಮ್ಮ ಹಾಳೆಯ ನಮೂನೆ ಇಲ್ಲೇ ಹಾಕಿ ಸರ್. ನಾವೂ ಅದನ್ನೇ ಬಳಸುತ್ತೇವೆ. ಬೇರೆ ಬೇರೆ ಕಾಲೇಜಿನಿಂದ ಒಂದೇ ರೀತಿ ಹೋದರೆ ಬಿಓಎಸ್‌ನವರಿಗೂ ಓದಲು ಸುಲಭ.

ಮಧುಗಿರಿ ಅತಿಥಿ

ಹಳೆಯ ಬಿಓಎಸ್ ನಡಾವಳಿ ನಮಗೆ ನೋಡಲು ಸಿಗುತ್ತದಾ? ಯಾವ ಪುಸ್ತಕ ಯಾಕೆ ಹಾಕಿದರು ಅಂತ ತಿಳಿದುಕೊಂಡು ಬರೆದರೆ ಒಳ್ಳೆಯದು ಅನ್ನಿಸುತ್ತದೆ.

ತುಮಕೂರು ನಿವೃತ್ತ ಮೇಷ್ಟ್ರು

ಮೊದಲು ವಿವಿಯ ವೆಬ್‌ಸೈಟ್ ನೋಡಿ ಮೇಡಂ, ಕೆಲವು ಕಡೆ ಹಾಕಿರುತ್ತಾರೆ. ಇಲ್ಲದಿದ್ದರೆ ಅಕಾಡೆಮಿಕ್ ವಿಭಾಗಕ್ಕೆ ಹೋಗಿ ಬಾಯಿಮಾತಿನಲ್ಲಿ ಕೇಳಿ, ನಿಮ್ಮ ಎಚ್‌ಓಡಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆಗಲೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ, ಯಾವ ವಿಷಯದ ಬಿಓಎಸ್, ಯುಜಿಯೋ ಪಿಜಿಯೋ, ಯಾವ ವರ್ಷದ ಸಭೆ ಅಂತ ಸ್ಪಷ್ಟವಾಗಿ ಬರೆದು ವಿವಿಯ ಮಾಹಿತಿ ಅಧಿಕಾರಿಗೆ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಕನ್ನಡದಲ್ಲೇ ಬರೆಯಿರಿ. ಕರಡು ಮಾಡಿ ಇಲ್ಲಿ ಹಾಕಿದರೆ ನಾನು ನೋಡಿಕೊಡುತ್ತೇನೆ.